ಬಾಳೆ ಹೂವಿನ ಮೇಲಿನ ದಾಯಾದಿಗಳು

ಮಲೆನಾಡಿನ ತೋಟದ ಮನೆಯವರಿಗೆ ಸೂರಕ್ಕಿ ಹೊಸದಲ್ಲ. ಬಾಳೆ ಹೂವಿಗೆ ತಲೆಕೆಳಗಾಗಿ ಜೋತುಬಿದ್ದು, ದಾಸವಾಳದ ಬುಡಕ್ಕೆ ಕೊಕ್ಕು ಚುಚ್ಚಿ, ನಿಂತಲ್ಲಿ ನಿಲ್ಲದೆ ಚಿಕ್ ಚಿಕ್ ಎನ್ನುತ್ತ ಹಾರಾಡುವ ಪುಟ್ಟ ಹಕ್ಕಿಯನ್ನು ಮಕ್ಕಳೂ ಬಲ್ಲರು. ಪೇಟೆಯಿಂದ ಬಂದ ನೆಂಟರು ಅದನ್ನೇ ಹಮ್ಮಿಂಗ್ ಬರ್ಡ್ ಎನ್ನುವುದೂ ಉಂಟು. ಹಮ್ಮಿಂಗ್ ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ, ನಮ್ಮ ಕಾಡಿನಲ್ಲಿ ಒಂದೂ ಇಲ್ಲ. ಅಷ್ಟನ್ನು ತಿದ್ದುವುದು ಸುಲಭ. ತೊಡಕಿರುವುದು ಅದರ ಮುಂದಿನ ಪ್ರಶ್ನೆಯಲ್ಲಿ: ಸರಿ, ಇದು ಯಾವ ಸೂರಕ್ಕಿ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟಗಳಲ್ಲಿ ಇಬ್ಬರು ಹತ್ತಿರದ ದಾಯಾದಿಗಳು ಒಂದೇ ಬಾಳೆ ಹೂವಿಗೆ ಬರುತ್ತಾರೆ. ಒಂದು, ಬಯಲುಸೀಮೆಯಿಂದ ಕರಾವಳಿಯವರೆಗೆ ಎಲ್ಲೆಡೆ ಕಾಣುವ ನೇರಳೆ ಸೊಂಟದ ಸೂರಕ್ಕಿ. ಇಂಗ್ಲಿಷ್ ಕೈಪಿಡಿಗಳಲ್ಲಿ ಪರ್ಪಲ್ ರಂಪ್ಡ್ ಸನ್‌ಬರ್ಡ್. ಇನ್ನೊಂದು ಕೆಂಬೆನ್ನಿನ ಸೂರಕ್ಕಿ, ಅಂದರೆ ಕ್ರಿಮ್ಸನ್ ಬ್ಯಾಕ್ಡ್ ಸನ್‌ಬರ್ಡ್. ಇದು ಪಶ್ಚಿಮ ಘಟ್ಟ ಮತ್ತು ಅದಕ್ಕೆ ತಾಗಿದ ಗುಡ್ಡಗಾಡಿನ ಹಕ್ಕಿ; ಲೋಕದಲ್ಲಿ ಬೇರೆಲ್ಲೂ ಸಿಗದು. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಸುಮಾರು 8 ಸೆಂಟಿಮೀಟರ್, ಸೂರಕ್ಕಿಗಳ ಲೆಕ್ಕದಲ್ಲೂ ಚಿಕ್ಕದು. ಸೈಕ್ಸ್ ಎಂಬ ಸೇನಾಧಿಕಾರಿ 1832ರಲ್ಲಿ ಇದನ್ನು ಮೊದಲು ವರ್ಣಿಸಿ ಹೆಸರಿಟ್ಟ. ಈ ಎರಡನ್ನು ಬೇರೆ ಮಾಡಿ ನೋಡಲು ಬಂದರೆ ಮಲೆನಾಡಿನ ಉಳಿದ ಸೂರಕ್ಕಿಗಳು ಬಹುಪಾಲು ತಾವಾಗಿಯೇ ದಾರಿಗೆ ಬರುತ್ತವೆ.

ಕೈಪಿಡಿ ಹಿಡಿದು ಹೊರಟ ಹೊಸಬರು ಸೋಲುವುದು ಒಂದೇ ಕಡೆ. ಚಿತ್ರದಲ್ಲಿ ನೆತ್ತಿ ಹಸಿರು, ಕೊರಳು ನೇರಳೆ, ಸೊಂಟ ಊದಾ. ಕಾಡಿನಲ್ಲಿ ಅದೇ ಹಕ್ಕಿ ಬರೀ ಕಪ್ಪು. ಬಣ್ಣ ಕಾಣಲಿಲ್ಲವಲ್ಲ ಎಂದು ಹಕ್ಕಿಯನ್ನೇ ಬದಲಿಸಿಬಿಡುತ್ತಾರೆ. ಆದ್ದರಿಂದ ಮೊದಲ ಮಾತು: ಸೂರಕ್ಕಿಯ ಹೊಳೆಯುವ ಬಣ್ಣವನ್ನು ಕೊನೆಗೆ ನೋಡಿ, ಹೊಳೆಯದ ಬಣ್ಣವನ್ನು ಮೊದಲು ನೋಡಿ.

ಇದಕ್ಕೆ ಕಾರಣ ಗರಿಯ ರಚನೆಯಲ್ಲೇ ಇದೆ. ನೆತ್ತಿ, ಕೊರಳು, ಸೊಂಟದ ಲೋಹದಂಥ ಹೊಳಪು ಬಳಿದ ಬಣ್ಣವಲ್ಲ. ಗರಿಯ ಅತಿ ಸಣ್ಣ ಎಳೆಗಳೊಳಗೆ ಕಪ್ಪು ವರ್ಣದ್ರವ್ಯದ ಕಣಗಳು ಪದರ ಪದರವಾಗಿ ಜೋಡಣೆಯಾಗಿರುತ್ತವೆ. ಬೆಳಕು ಆ ಪದರಗಳಿಗೆ ತಾಗಿ ಹಿಂದಿರುಗುವಾಗ ಕೆಲವು ಬಣ್ಣ ಬಲಗೊಂಡು, ಕೆಲವು ಅಳಿಸಿಹೋಗುತ್ತವೆ. ಬೆಳಕು ಬರುವ ಕೋನ, ನೀವು ನಿಂತ ಕೋನ ಎರಡೂ ಹೊಂದಿದರೆ ಹಸಿರು ಕಾಣುತ್ತದೆ, ಇಲ್ಲದಿದ್ದರೆ ಒಳಗಿನ ಕಪ್ಪೇ ಕಾಣುತ್ತದೆ. ಮನೆಯಲ್ಲಿ ನವಿಲುಗರಿ ಇದ್ದರೆ ಪರೀಕ್ಷಿಸಿ ನೋಡಬಹುದು. ಕಿಟಕಿಗೆ ಬೆನ್ನು ಮಾಡಿ ನಿಂತು ಗರಿಯನ್ನು ಮುಂದೆ ಹಿಡಿದರೆ ಕಣ್ಣು ನೀಲಿ. ಅದೇ ಗರಿಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದರೆ ನೀಲಿ ಎಲ್ಲೋ ಹೋಗಿ ಮಾಸಲು ಕಂದು ಉಳಿಯುತ್ತದೆ. ಮಲೆನಾಡಿನ ಕಾಡಿನಲ್ಲಿ, ಮೋಡ ಕವಿದ ಆಕಾಶವನ್ನು ಹಿಂದಿಟ್ಟುಕೊಂಡ ಹಕ್ಕಿ ಯಾವತ್ತೂ ಕಿಟಕಿಗೆ ಅಡ್ಡ ಹಿಡಿದ ಗರಿಯೇ.

ಹೊಳೆಯದ ಬಣ್ಣಗಳು ಹೀಗೆ ಕೈಕೊಡುವುದಿಲ್ಲ. ಕೆಂಪು, ಹಳದಿ, ಬಿಳಿ ನೆರಳಿನಲ್ಲಿ ಮಂಕಾಗಬಹುದು, ಆದರೆ ಇದ್ದ ಜಾಗದಲ್ಲೇ ಇರುತ್ತವೆ. ಗಂಡು ಹಕ್ಕಿಯಲ್ಲಿ ಇವನ್ನು ಹುಡುಕಬೇಕಾದ್ದು ಮೂರು ಕಡೆ: ಹೆಗಲು, ಎದೆಪಟ್ಟಿ, ಹೊಟ್ಟೆ.

ಹೆಗಲಿನಿಂದ ಶುರುಮಾಡುವುದು ಒಳ್ಳೆಯದು. ಕೆಂಬೆನ್ನಿನ ಗಂಡಿನ ಬೆನ್ನಿನ ಕಡುಗೆಂಪು ಅಲ್ಲಿಗೇ ನಿಲ್ಲದೆ ರೆಕ್ಕೆಯ ಮೇಲ್ಭಾಗಕ್ಕೂ ಇಳಿದಿರುತ್ತದೆ. ಹಕ್ಕಿ ಪಕ್ಕಕ್ಕೆ ಕುಳಿತಾಗ ಹೆಗಲು, ಬೆನ್ನು ಒಂದೇ ಬಟ್ಟೆ ಹೊದ್ದಂತಿರುತ್ತವೆ. ನೇರಳೆ ಸೊಂಟದ ಗಂಡಿನ ಬೆನ್ನು ಕಂದು ಬೆರೆತ ಮರೂನ್. ಅದರ ಹೆಗಲ ಮೇಲೆ ಲೋಹದ ಹಸಿರಿನ ಸಣ್ಣ ತೇಪೆ ಇದೆ. ಆ ಹಸಿರು ಮಿನುಗಿದರೆ ಪ್ರಶ್ನೆ ಮುಗಿಯಿತು, ಅದು ನೇರಳೆ ಸೊಂಟದ್ದು. ಮಿನುಗದಿದ್ದರೆ ಮುಗಿಯಲಿಲ್ಲ, ಏಕೆಂದರೆ ಅದೂ ಹೊಳೆಯುವ ಬಣ್ಣವೇ. ಕೋನ ತಪ್ಪಿದರೆ ಕಪ್ಪಾಗುತ್ತದೆ. ಹಸಿರು ಕಂಡದ್ದು ಸಾಕ್ಷಿ, ಕಾಣದ್ದು ಸಾಕ್ಷಿಯಲ್ಲ. ಹೆಗಲ ಮೇಲೆ ಕೆಂಪು ಸ್ಪಷ್ಟವಾಗಿ ಕಂಡರೆ ಮಾತ್ರ ಕೆಂಬೆನ್ನಿನ ಕಡೆ ತೂಕ ಹಾಕಬೇಕು.

ಎದೆಪಟ್ಟಿ ಎರಡಕ್ಕೂ ಇದೆ. ಕೊರಳಿನ ನೇರಳೆ ಮುಗಿದಲ್ಲಿ ಅಡ್ಡಲಾಗಿ ಒಂದು ಪಟ್ಟಿ. ಕೆಂಬೆನ್ನಿನಲ್ಲಿ ಅದು ಅಗಲ, ಬಣ್ಣ ಕೆಂಪಿನ ಕಡೆಗೆ. ನೇರಳೆ ಸೊಂಟದಲ್ಲಿ ಕಿರಿದು, ಮರೂನ್. ಹಕ್ಕಿ ಕತ್ತು ಚಾಚಿದಾಗ ಪಟ್ಟಿ ಅಗಲವಾದಂತೆಯೂ, ಕತ್ತು ಕುಗ್ಗಿಸಿ ಕುಳಿತಾಗ ಕಿರಿದಾದಂತೆಯೂ ಕಾಣುವುದರಿಂದ ಒಂದೇ ಭಂಗಿಯ ಫೋಟೊದಿಂದ ಅಳೆಯಲು ಹೋಗಬಾರದು. ಪಟ್ಟಿಯ ಕೆಳಗೆ ಹೊಟ್ಟೆ. ನೇರಳೆ ಸೊಂಟದ ಹೊಟ್ಟೆಯ ನಡುಭಾಗ ಹಳದಿ, ಪಕ್ಕೆಗಳು ಬಿಳಿ. ದೂರದಿಂದ ನೋಡಿದರೆ ಬಿಳಿ ಹೊಟ್ಟೆಯ ಹಕ್ಕಿ ಎಂದೇ ಅನ್ನಿಸುತ್ತದೆ. ಕೆಂಬೆನ್ನಿನದು ಒಟ್ಟಾರೆ ಹಳದಿ, ಅಂಚಿಗೆ ಬೂದು ಛಾಯೆ. ಪಕ್ಕೆಯಲ್ಲಿ ಆ ಶುದ್ಧ ಬಿಳಿ ಇಲ್ಲ.

ಇಲ್ಲೊಂದು ಬಲೆ ಇದೆ, ಅನುಭವಿಗಳೂ ಬೀಳುವಂಥದ್ದು. ಅಡಿಕೆ ತೋಟದೊಳಗಿನ ಬೆಳಕು ಬಿಳಿ ಬೆಳಕಲ್ಲ. ಮೇಲಿನ ಸೋಗೆ, ನಡುವಿನ ಬಾಳೆ ಎಲೆ, ಕೆಳಗಿನ ಏಲಕ್ಕಿ ಹಿಂಡು ಎಲ್ಲವನ್ನೂ ದಾಟಿ, ಅವಕ್ಕೆ ಬಡಿದು ಬರುವಷ್ಟರಲ್ಲಿ ಅದು ಹಸಿರು ಬೆರೆತ ಹಳದಿಯಾಗಿರುತ್ತದೆ. ಆ ಬೆಳಕಿನಲ್ಲಿ ಬಿಳಿ ಪಕ್ಕೆಯೂ ಹಳದಿಯಾಗಿ ಕಾಣುತ್ತದೆ. ನೇರಳೆ ಸೊಂಟದ್ದು ಕೆಂಬೆನ್ನಾಗಿ ದಾಖಲಾಗುತ್ತದೆ. ಪರಿಹಾರ ಸರಳ. ಹಕ್ಕಿ ಕುಳಿತ ಜಾಗದ ಹತ್ತಿರ, ಅದೇ ನೆರಳಿನಲ್ಲಿ ಇರುವ ಬಿಳಿ ವಸ್ತುವೊಂದನ್ನು ನೋಡಿ. ಬಿಸಿಲು ತಾಗದಿರಲೆಂದು ಸುಣ್ಣ ಬಳಿದ ಅಡಿಕೆ ಮರದ ಕಾಂಡ ಇದಕ್ಕೆ ಹೇಳಿಮಾಡಿಸಿದ್ದು. ಸುಣ್ಣವೇ ಹಳದಿಯಾಗಿ ಕಂಡರೆ ಹೊಟ್ಟೆಯ ಹಳದಿಗೆ ಬೆಲೆ ಕೊಡಬೇಡಿ.

ಇನ್ನು ನೋಡುವ ಜಾಗ. ಸೂರಕ್ಕಿಯನ್ನು ಬೆನ್ನಟ್ಟಿ ಕಾನಿನೊಳಗೆ ನುಗ್ಗುವುದಕ್ಕಿಂತ ಒಂದು ಬಾಳೆ ಹೂವಿನ ಮುಂದೆ ಕೂರುವುದೇ ಮೇಲು. ಬೇರೆ ಯಾವ ಹೂವೂ ಹಕ್ಕಿಯ ಬೆನ್ನು, ಸೊಂಟ, ಹೊಟ್ಟೆ ಮೂರನ್ನೂ ಇಷ್ಟು ಚೆನ್ನಾಗಿ ತೋರಿಸುವುದಿಲ್ಲ. ಗೊನೆಯ ಕಾಯಿ ಕಟ್ಟಿದ ಮೇಲೂ ತುದಿಯ ಹೂಮೊಗ್ಗು, ಅಂದರೆ ಮೂತಿ, ಕೆಳಗಿಳಿಯುತ್ತ ಹೋಗುತ್ತದೆ. ಅದರ ಕೆನ್ನೀಲಿ ಎಸಳು ಒಂದೊಂದಾಗಿ ಮೇಲೆದ್ದು ಮಡಚಿಕೊಂಡಂತೆ ಅಡಿಯಲ್ಲಿ ಸಾಲುಗಟ್ಟಿದ ಗಂಡು ಹೂಗಳು ತೆರೆದುಕೊಳ್ಳುತ್ತವೆ. ರಾತ್ರಿ ಅವುಗಳ ಮಕರಂದ ಬಾವಲಿಯ ಪಾಲು, ಬೆಳಗ್ಗೆ ಉಳಿದದ್ದು ಸೂರಕ್ಕಿಯ ಪಾಲು. ಹಕ್ಕಿ ಬಂದು ಮೊದಲು ಗೊನೆಯ ದಿಂಡಿನ ಮೇಲೆ ಕೂರುತ್ತದೆ: ಪಕ್ಕದ ನೋಟ, ಹೆಗಲು ಕಾಣುತ್ತದೆ. ಆಮೇಲೆ ಎಸಳಿನ ಅಂಚಿಗೆ ಜಿಗಿದು, ಉಗುರೂರಿ, ತಲೆ ಕೆಳಗೆ ಮಾಡಿ ಒಂದೊಂದೇ ಹೂವಿನ ಬುಡಕ್ಕೆ ಕೊಕ್ಕು ಇಳಿಸುತ್ತ ಸಾಲಿನುದ್ದಕ್ಕೂ ಸರಿಯುತ್ತದೆ. ಆಗ ಬಾಲ ಮೇಲೆ, ರೆಕ್ಕೆ ಸ್ವಲ್ಪ ಬಿಚ್ಚಿ ಸಮತೋಲಕ್ಕೆ ಅಲುಗುತ್ತಿರುತ್ತದೆ. ಕುಳಿತ ಹಕ್ಕಿಯಲ್ಲಿ ರೆಕ್ಕೆಯಡಿ ಮುಚ್ಚಿಹೋಗುವ ಸೊಂಟ, ಬೆನ್ನು ಮುಗಿದು ಬಾಲ ಶುರುವಾಗುವ ಆ ಬೆರಳಗಲದ ಜಾಗ, ತೆರೆದು ಕಾಣುವುದು ಈ ಎರಡು ಮೂರು ಸೆಕೆಂಡು ಮಾತ್ರ. ಕಣ್ಣು ಅಲ್ಲಿ ನೆಟ್ಟಿರಬೇಕು. ಕೊಕ್ಕು ಏನು ಮಾಡುತ್ತಿದೆ ಎಂದು ನೋಡುತ್ತ ಕೂತರೆ ಸೊಂಟ ತಪ್ಪಿಹೋಗುತ್ತದೆ.

ಹೂವಿನಿಂದ 5-6 ಮೀಟರ್ ದೂರ, ಸೂರ್ಯ ನಿಮ್ಮ ಬೆನ್ನಿಗಿರುವಂತೆ ಕುಳಿತುಕೊಳ್ಳಿ. ನಿಂತರೆ ಹಕ್ಕಿ ಅಂಜುತ್ತದೆ. ಬಸಿಗಾಲುವೆಯ ದಂಡೆಯಲ್ಲೋ ಮೆಟ್ಟಿಲ ಮೇಲೋ ಕೂತರೆ ಹತ್ತು ನಿಮಿಷದಲ್ಲಿ ನಿಮ್ಮನ್ನು ಮರೆಯುತ್ತದೆ. ಬೆಳಗ್ಗೆ ಮಂಜು ಕರಗಿದ ಮೇಲಿನ ಒಂದೆರಡು ಗಂಟೆ ಬಂಗಾರದ ಸಮಯ. ಗಾತ್ರಕ್ಕೆ ಅಳತೆಗೋಲೂ ಅಲ್ಲೇ ಇದೆ. ಒಂದೊಂದು ಗಂಡು ಹೂವು ಸುಮಾರು 4 ಸೆಂಟಿಮೀಟರ್ ಉದ್ದ, ಕೆಂಬೆನ್ನಿನ ಸೂರಕ್ಕಿ ಹೆಚ್ಚುಕಡಿಮೆ ಎರಡು ಹೂವಿನಷ್ಟು. ನೇರಳೆ ಸೊಂಟದ್ದು ಅದಕ್ಕಿಂತ ತುಸು ಉದ್ದ, ಆದರೂ 10 ಸೆಂಟಿಮೀಟರ್ ದಾಟುವುದಿಲ್ಲ. ಎರಡೂ ಅಕ್ಕಪಕ್ಕ ಇದ್ದರೆ ವ್ಯತ್ಯಾಸ ಗೊತ್ತಾಗುತ್ತದೆ, ಒಂದೇ ಇದ್ದರೆ ಗಾತ್ರದ ಮೇಲೆ ತೀರ್ಪು ಬೇಡ. ಗೊನೆ ಕಟ್ಟಿದೊಡನೆ ಮೂತಿ ಕತ್ತರಿಸಿ ಪಲ್ಯಕ್ಕೆ ಒಯ್ಯುವ ಮನೆಗಳಲ್ಲಿ ಹಿತ್ತಿಲ ಕಡೆಯ ಒಂದು ಗಿಡದ ಮೂತಿಯನ್ನು ಬಿಟ್ಟರೆ ಗೊನೆ ಬಲಿಯುವವರೆಗೂ ಹಕ್ಕಿ ಬರುತ್ತಿರುತ್ತದೆ.

ಹೆಣ್ಣನ್ನು ಗುರುತಿಸುವುದೇ ಈ ವಿದ್ಯೆಯ ನಿಜವಾದ ಪಾಠ ಎನ್ನಬೇಕು. ಗಂಡು ಕಾಣದಿದ್ದರೆ ‘ಯಾವುದೋ ಹೆಣ್ಣು ಸೂರಕ್ಕಿ’ ಎಂದು ಬಿಟ್ಟುಬಿಡುವ ಚಾಳಿ ಎಲ್ಲೆಡೆ ಇದೆ, ಸೋಮಾರಿತನ ಅಷ್ಟೆ. ಕೆಂಬೆನ್ನಿನ ಹೆಣ್ಣು ಗಂಡಿಗಿಂತ ನಂಬಿಕಸ್ತ ಗುರುತನ್ನು ಹೊತ್ತಿದೆ: ಮೇಲ್ಮೈ ಪೂರ್ತಿ ಆಲಿವ್ ಕಂದಾಗಿದ್ದು ಸೊಂಟ ಮಾತ್ರ ಕಡುಗೆಂಪು. ಇದು ಹೊಳೆಯುವ ಬಣ್ಣವಲ್ಲ, ಆದ್ದರಿಂದ ಕೋನದ ಹಂಗಿಲ್ಲ. ಮೋಡದ ದಿನವೂ ಇಟ್ಟಿಗೆ ಪುಡಿ ಸವರಿದಂತೆ ಕಾಣುತ್ತದೆ. ಮಲೆನಾಡಿನ ಬೇರಾವ ಹೆಣ್ಣು ಸೂರಕ್ಕಿಗೂ ಸೊಂಟದಲ್ಲಿ ಕೆಂಪಿಲ್ಲ. ಒಂದು ಸಲ ರೆಕ್ಕೆ ಬಿಚ್ಚಿದಾಗ ಅದು ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ.

ಕಾಣದಿದ್ದರೆ ಕೊರಳು ನೋಡಿ. ನೇರಳೆ ಸೊಂಟದ ಹೆಣ್ಣಿನ ಕೊರಳು ಬಿಳಿ, ಅಲ್ಲಿಂದ ಕೆಳಗೆ ಎದೆ ಹಳದಿ. ಎರಡರ ನಡುವೆ ಗೆರೆ ಎಳೆದಂತಿಲ್ಲದಿದ್ದರೂ ವ್ಯತ್ಯಾಸ ಎದ್ದು ಕಾಣುತ್ತದೆ. ಕೆಂಬೆನ್ನಿನ ಹೆಣ್ಣಿನ ಕೆಳಮೈ ಮಾಸಲು ಹಳದಿ, ಕೊರಳಿಗೂ ಎದೆಗೂ ಅಂಥ ಬಿಳಿ ಹಳದಿಯ ವಿಭಜನೆ ಇಲ್ಲ. ಇಲ್ಲಿ ಸಿಗುವ ಇನ್ನೊಂದು ಜಾತಿ ಕಪ್ಪು ಸೂರಕ್ಕಿ, ಅಂದರೆ ಪರ್ಪಲ್ ಸನ್‌ಬರ್ಡ್. ಅದರ ಹೆಣ್ಣು ಕೊರಳಿನಿಂದ ಹೊಟ್ಟೆಯವರೆಗೆ ಒಂದೇ ಹಳದಿ. ಕಣ್ಣ ಮೇಲೆ ಮಸುಕಾದ ಹುಬ್ಬುಗೆರೆ ಇರುತ್ತದೆ. ಈ ಮೂರರಲ್ಲಿ ಅನುಮಾನ ಬಂದಾಗ ಹೆಣ್ಣಿನ ಹಿಂದೆ ಬರುವ ಗಂಡು ಯಾವುದೆಂದು ಕಾಯುವುದು ವಾಡಿಕೆ. ಅದಕ್ಕೆ ಬಹಳ ಬೆಲೆ ಕೊಡಬೇಡಿ. ಒಳ್ಳೆಯ ಹೂ ಇದ್ದ ಕಡೆ ಎರಡೂ ಜಾತಿ ಸೇರುವುದರಿಂದ ಹೂವಿನ ಪಕ್ಕದ ಗಂಡು ಆ ಹೆಣ್ಣಿನ ಜೋಡಿಯೇ ಆಗಬೇಕೆಂದಿಲ್ಲ. ಗೂಡಿಗೆ ಸೇರಿ ಬರುವುದನ್ನು ಕಂಡರೆ ಮಾತ್ರ ಜೋಡಿ.

ಗಂಡಿನಲ್ಲೂ ಒಂದು ಕಾಲ ಗೊಂದಲದ್ದು. ಕೆಂಬೆನ್ನಿನ ಗಂಡು ಮರಿ ಮಾಡುವ ಹಂಗಾಮು ಮುಗಿದ ಮೇಲೆ ಗರಿ ಬದಲಿಸಿ ಸಾದಾ ಉಡುಪಿಗೆ ಬರುತ್ತದೆ. ನೆತ್ತಿಯ ಹಸಿರು ಹೋಗಿ ಆಲಿವ್ ಬಣ್ಣ ಬರುತ್ತದೆ, ಸೊಂಟದ ನೇರಳೆ ಮಾತ್ರ ಉಳಿಯುತ್ತದೆ. ಹೀಗಿರುವ ಹಕ್ಕಿಯನ್ನು ಅರ್ಧಂಬರ್ಧ ನೋಡಿ ಸೊಂಟ ನೇರಳೆ, ಆದ್ದರಿಂದ ನೇರಳೆ ಸೊಂಟದ ಸೂರಕ್ಕಿ ಎಂದು ಬರೆದಿಡುವವರು ಕಡಿಮೆಯಿಲ್ಲ. ನೇರಳೆ ಸೊಂಟದ ಗಂಡಿಗೆ ಇಂಥ ಸಾದಾ ಉಡುಪು ಇಲ್ಲ. ವರ್ಷವಿಡೀ ಅದೇ ವೇಷ. ಹಾಗಾಗಿ ಹೆಣ್ಣಿನಂಥ ಮಂಕು ಮೈ, ಮೇಲೆ ನೇರಳೆ ಸೊಂಟ ಎಂದಾಗ ಮೊದಲು ನೆನಪಾಗಬೇಕಾದ್ದು ಕೆಂಬೆನ್ನಿನ ಗಂಡು. ಕಪ್ಪು ಸೂರಕ್ಕಿಯ ಗಂಡೂ ಉಡುಪು ಬದಲಿಸುತ್ತದೆ, ಆದರೆ ಅದರ ಗುರುತು ಬೇರೆ: ಹಳದಿ ಕೊರಳು ಎದೆಯ ನಡುವೆ ಮಸಿ ಎಳೆದಂಥ ಕಪ್ಪು ಗೆರೆ.

ಆಗಷ್ಟೇ ಗೂಡು ಬಿಟ್ಟ ಮರಿಗಳಿಗೆ ಕೊಕ್ಕು ಪೂರ್ತಿ ಬೆಳೆದಿರುವುದಿಲ್ಲ, ಬಾಲವೂ ಮೊಂಡು. ಅವನ್ನು ಗಿಡ್ಡ ಕೊಕ್ಕಿನ ಬದನಿಕೆ ಹಕ್ಕಿ (ಫ್ಲವರ್‌ಪೆಕರ್) ಎಂದುಕೊಳ್ಳುವುದು ಸಹಜ. ಬಾಯಿಯ ಮೂಲೆಯಲ್ಲಿ ಹಳದಿ ಅಂಚು ಉಳಿದಿದೆಯೇ, ದೊಡ್ಡ ಹಕ್ಕಿ ಬಂದು ಗುಟುಕು ಕೊಡುತ್ತಿದೆಯೇ ನೋಡಿದರೆ ಸಾಕು. ಇನ್ನೊಂದು ಮೋಸ ಪರಾಗದ್ದು. ಹೂವಿಗೆ ತಲೆಯಿಟ್ಟು ಬಂದ ಹಕ್ಕಿಯ ಹಣೆ ಹಳದಿಯಾಗಿರುತ್ತದೆ. ಯಾವ ಕೈಪಿಡಿಯಲ್ಲೂ ಇಲ್ಲದ ಹಳದಿ ಹಣೆಯ ಸೂರಕ್ಕಿ ಕಂಡರೆ ಹೊಸ ಜಾತಿ ಸಿಕ್ಕಿತೆಂದು ಹಿಗ್ಗುವ ಮೊದಲು ಅದು ಮೈ ಉಜ್ಜಿಕೊಳ್ಳುವವರೆಗೆ ಕಾಯಿರಿ.

ಉಳಿದವರ ಮಾತು ಬೇಗ ಮುಗಿಸಬಹುದು. ಕಪ್ಪು ಸೂರಕ್ಕಿಯ ಗಂಡು ಉಡುಪು ತುಂಬಿದಾಗ ಹೊಟ್ಟೆ ಸೇರಿ ಪೂರ್ತಿ ಕಡು ನೀಲಿಗಪ್ಪು; ಹೊಟ್ಟೆಯಲ್ಲಿ ಹಳದಿ ಬಿಳಿ ಇಲ್ಲವಾದ್ದರಿಂದ ಗೊಂದಲವೇ ಇಲ್ಲ. ಅದಕ್ಕೂ ಲೋಟನ್ ಸೂರಕ್ಕಿಗೂ ಮಾತ್ರ ಹೋಲಿಕೆ. ಲೋಟನ್‌ನ ಕೊಕ್ಕು ತಲೆಯ ಉದ್ದವನ್ನು ಸ್ಪಷ್ಟವಾಗಿ ಮೀರಿ ಬಾಗಿರುತ್ತದೆ, ಹೊಟ್ಟೆ ಕಂದು, ಎದೆಗೆ ಮರೂನ್ ಪಟ್ಟಿ. ತಲೆಗೆ ಕೊಕ್ಕನ್ನು ಅಳೆಯುವ ಈ ಉಪಾಯ ಫೋಟೊದಲ್ಲೂ ನಡೆಯುತ್ತದೆ, ಆದರೆ ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗಿರಬೇಕು.

ವಿಗರ್ಸ್ ಸೂರಕ್ಕಿಯನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಕೆಂಪು ಬೆನ್ನು ಅದಕ್ಕೂ ಇದೆ, ಅದೂ ಪಶ್ಚಿಮ ಘಟ್ಟದ್ದೇ, ಅದಕ್ಕೂ ಹೆಸರಿಟ್ಟದ್ದು 1832ರಲ್ಲಿ ಅದೇ ಸೈಕ್ಸ್. ಶರಾವತಿ ದಾಟಿ ಉತ್ತರ ಕನ್ನಡದ ಕಡೆ ಹೋದಂತೆ ಕಾಣುವ ಸಾಧ್ಯತೆ ಹೆಚ್ಚು. ಅದರಲ್ಲಿ ಕೆಂಪು ಬೆನ್ನಿನಿಂದ ಕೊರಳು, ಎದೆಗೂ ಹರಿದಿದೆ, ಹೊಟ್ಟೆ ಬೂದು, ಬಾಲ ಉದ್ದ. ಕೆಂಬೆನ್ನಿನ ಹೊಟ್ಟೆ ಹಳದಿ, ಬಾಲ ಮೊಟುಕು. ಕೆಂಪು ಎಂಬ ಒಂದೇ ಪದಕ್ಕೆ ಜೋತುಬೀಳದೆ ಹೊಟ್ಟೆ ನೋಡಿದವರು ಇಲ್ಲಿ ತಪ್ಪುವುದಿಲ್ಲ. ಕಾಡುಬಾಳೆಯ ಹೂವಿನಲ್ಲಿ ಸಿಗುವ ಲಿಟ್ಲ್ ಸ್ಪೈಡರ್‌ಹಂಟರ್ ಇವೆಲ್ಲಕ್ಕಿಂತ ದೊಡ್ಡದು. ಮೇಲೆ ಹಸಿರು, ಕೆಳಗೆ ಹಳದಿ, ಉದ್ದನೆಯ ಬಾಗಿದ ಕೊಕ್ಕು ನೋಡಿದರೆ ಬೇರೆ ಹೇಳಬೇಕಿಲ್ಲ. ಬದನಿಕೆ ಹಕ್ಕಿಗಳ ಕೊಕ್ಕು ಗಿಡ್ಡ, ಮೈ ಬೂದು. ಮಾವು ಹಲಸಿನ ಮೇಲಿನ ಬಂದಳಿಕೆಯಲ್ಲಿ ಸೂರಕ್ಕಿಯೂ ಬದನಿಕೆ ಹಕ್ಕಿಯೂ ಒಟ್ಟಿಗೆ ಇರುತ್ತವೆ. ಹೂವಿನ ಪರಾಗ ಸಾಗಿಸುವ ಕೆಲಸದಲ್ಲಿ ಸೂರಕ್ಕಿ ಮುಂದು. ಹಣ್ಣು ನುಂಗಿ ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಬಂದಳಿಕೆ ಹಬ್ಬಿಸುವುದು ಬದನಿಕೆ ಹಕ್ಕಿ. ತೋಟದ ಯಜಮಾನರು ಸಿಟ್ಟು ಮಾಡಬೇಕಾದ್ದು ಯಾರ ಮೇಲೆ ಎಂಬುದು ಇದರಿಂದ ತಿಳಿಯುತ್ತದೆ, ಸಿಟ್ಟು ಮಾಡಿ ಪ್ರಯೋಜನವಿಲ್ಲದಿದ್ದರೂ.

ಊರು ಯಾವುದೆಂಬುದೂ ಒಂದು ಗುರುತೇ. ಶಿವಮೊಗ್ಗ ಪೇಟೆ, ಭದ್ರಾವತಿಯ ಕಡೆಯ ಅಂಗಳಗಳಲ್ಲಿ ನೇರಳೆ ಸೊಂಟದ್ದು, ಕಪ್ಪು ಸೂರಕ್ಕಿ ಇವೆರಡೇ ದಿನನಿತ್ಯದವು. ಗಾಜನೂರು, ಮಂಡಗದ್ದೆ ದಾಟಿ ತುಂಗೆಯ ಜೊತೆಯಲ್ಲೇ ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಮರಗಳ ಎತ್ತರ, ಹಸಿರಿನ ಗಾಢತೆ ಬದಲಾಗಿರುತ್ತದೆ. ಅಲ್ಲಿಂದ ಎರಡೂ ದಾಯಾದಿಗಳಿಗೆ ಸಿದ್ಧರಿರಬೇಕು. ಆಗುಂಬೆ, ನಗರ, ಮಾಸ್ತಿಕಟ್ಟೆ, ಕೊಡಚಾದ್ರಿಯ ತಪ್ಪಲು ಅಂದರೆ ನಿತ್ಯಹರಿದ್ವರ್ಣದ ಸೀಮೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಅಲ್ಲಿ ಕೆಂಬೆನ್ನು ಮನೆಯವ, ನೇರಳೆ ಸೊಂಟದ್ದು ಊರು, ಗದ್ದೆ ಬಯಲು, ರಸ್ತೆ ಬದಿಗೆ ಬರುವ ನೆಂಟ. ಕೆಂಬೆನ್ನು ದಟ್ಟ ಕಾಡಿನ ಹಕ್ಕಿಯಾದರೂ ಕಾಡೊಳಗೇ ಅಡಗಿ ಕೂರುವುದಿಲ್ಲ. ಕಾನಿನ ಅಂಚು, ಸೊಪ್ಪಿನಬೆಟ್ಟ, ಅದಕ್ಕೆ ತಾಗಿದ ತೋಟದ ಹೂವಿಗೆ ಧಾರಾಳವಾಗಿ ಬರುತ್ತದೆ. ಶಿವಮೊಗ್ಗದ ಬಡಾವಣೆಯೊಂದರಲ್ಲಿ ಕೆಂಬೆನ್ನು ಕಂಡೆ ಎಂದು ಯಾರಾದರೂ ಹೇಳಿದರೆ ಫೋಟೊ ಕೇಳಬೇಕು. ಆಗುಂಬೆಯಲ್ಲಿ ಕಂಡೆ ಎಂದರೆ ಎಷ್ಟಿದ್ದವು ಎಂದು ಕೇಳಿದರಾಯಿತು. ಆದರೆ ಊರಿನ ಹೆಸರು ಕೇಳಿ ಹಕ್ಕಿಯ ಹೆಸರು ಬರೆಯುವುದು ಮಾತ್ರ ಸಲ್ಲ. ಎರಡೂ ಬೆರೆಯುವ ಸೀಮೆ ಅಗಲವಾಗಿದೆ.

ಕಾಲಕ್ಕೆ ತಕ್ಕಂತೆ ಹೂವು, ಹೂವಿಗೆ ತಕ್ಕಂತೆ ಹಕ್ಕಿ. ಕೆಂಬೆನ್ನು ದೂರ ವಲಸೆ ಹೋಗುವುದಿಲ್ಲ, ಆದರೆ ಹೂ ಅರಳುವುದನ್ನು ಅನುಸರಿಸಿ ಗುಡ್ಡ ಹತ್ತಿ ಇಳಿಯುತ್ತದೆ. ಚಳಿ ಕಳೆಯುವ ಹೊತ್ತಿಗೆ ಹಾಲಿವಾಣ, ಬೂರುಗ, ಬಂದಳಿಕೆ ಹೂ ತುಂಬಿ ನಿಲ್ಲುತ್ತವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅದು ಮರಿ ಮಾಡುವ ಮುಖ್ಯ ಹಂಗಾಮೂ ಹೌದು, ಆದ್ದರಿಂದ ಗಂಡುಗಳು ಪೂರ್ತಿ ಬಣ್ಣದಲ್ಲಿರುತ್ತವೆ. ಗುರುತಿಸಲು ಕಲಿಯುವವರು ಈ ಅವಧಿಯಲ್ಲಿ ಕಣ್ಣು ಪಳಗಿಸಿಕೊಳ್ಳಬೇಕು. ಆರಿದ್ರಾ ಮಳೆಯಲ್ಲಿ ಶುರುಮಾಡಿದರೆ ಒದ್ದೆ ಗರಿಯ, ಸಾದಾ ಉಡುಪಿನ, ಕಪ್ಪು ಬೆಳಕಿನ ಹಕ್ಕಿ, ಜೊತೆಗೆ ಕಾಲಿಗೆ ಉಂಬಳ. ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಮಳೆಗೆ ತೋಯ್ದ ಕೆಂಪು ಗರಿ ಕಪ್ಪಿಗೆ ತಿರುಗುತ್ತದೆ ಎಂಬುದನ್ನೂ ಗಮನದಲ್ಲಿಡಿ. ಹಕ್ಕಿ ಮೈ ಕೊಡವಿ ಒಣಗುವವರೆಗೆ ಬೆನ್ನಿನ ಬಣ್ಣದ ಬಗ್ಗೆ ಮಾತಾಡದಿರುವುದು ಜಾಣತನ.

ಉಪಕರಣದ ಬಗ್ಗೆ ಎರಡು ಮಾತು. ಮಲೆನಾಡಿನ ನೆರಳಿಗೆ 10x42 ಗಿಂತ 8x42 ಬೈನಾಕ್ಯುಲರ್ ಒಳ್ಳೆಯದು. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರ್‌ನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25, ಕಣ್ಣಿಗೆ ಬಂದು ಸೇರುವ ಬೆಳಕಿನ ಕಂಬದ ಅಗಲ ಅಷ್ಟು ಮಿಲಿಮೀಟರ್. 10ರಿಂದ ಭಾಗಿಸಿದರೆ 4.2 ಮಾತ್ರ. ಕತ್ತಲ ಕಾಡಿನಲ್ಲಿ ಪಾಪೆ ಹಿಗ್ಗಿರುವುದರಿಂದ ಆ ಒಂದು ಮಿಲಿಮೀಟರ್ ಹೊಟ್ಟೆಯ ಹಳದಿಗೂ ಬೂದಿಗೂ ನಡುವಿನ ವ್ಯತ್ಯಾಸ ಹೇಳುತ್ತದೆ. ನೋಟದ ವಿಸ್ತಾರವೂ ಹೆಚ್ಚು, ಚಡಪಡಿಸುವ ಹಕ್ಕಿ ಬೇಗ ಸಿಗುತ್ತದೆ. 2 ಮೀಟರ್‌ಗೂ ಫೋಕಸ್ ಆಗುವಂಥದ್ದು ಕೊಂಡರೆ ಜಗುಲಿಯ ಮುಂದಿನ ದಾಸವಾಳವೂ ದಕ್ಕುತ್ತದೆ.

ಕ್ಯಾಮೆರಾದಲ್ಲಿ ಬಿಳಿ ಆಕಾಶದ ಮುಂದಿನ ಹಕ್ಕಿಗೆ ಎಕ್ಸ್‌ಪೋಷರ್ 1ರಿಂದ 1.7 ಸ್ಟಾಪ್ (ಒಂದು ಸ್ಟಾಪ್ ಏರಿಸಿದರೆ ಬೆಳಕು ಇಮ್ಮಡಿ) ಏರಿಸಬೇಕು, ಇಲ್ಲದಿದ್ದರೆ ಸಿಗುವುದು ನೆರಳುಚಿತ್ರ. ಕಡು ಹಸಿರಿನ ಮುಂದೆ, ಹಕ್ಕಿಗೆ ಬಿಸಿಲು ಬಿದ್ದಿದ್ದರೆ, ಅರ್ಧ ಸ್ಟಾಪ್ ಇಳಿಸಿ. ನೆತ್ತಿಯ ಹಸಿರು ಸುಟ್ಟು ಬಿಳಿಯಾಗುವುದು ತಪ್ಪುತ್ತದೆ. ಶಟರ್ 1/1000 ಸೆಕೆಂಡಿಗಿಂತ ನಿಧಾನವಾದರೆ ಕೊಕ್ಕಿನ ಬಾಗು ಮಸುಕಾಗುತ್ತದೆ. ಫ್ಲ್ಯಾಶ್ ಬೇಡ. ಹಕ್ಕಿಗೆ ತೊಂದರೆ ಎಂಬುದು ಒಂದು. ಫ್ಲ್ಯಾಶಿನ ನೇರ ಬೆಳಕಿಗೆ ಹೊಳೆಯುವ ಗರಿ ನಾವು ಕಣ್ಣಲ್ಲಿ ಎಂದೂ ಕಾಣದ ಬಣ್ಣ ತೋರುತ್ತದೆ ಎಂಬುದು ಇನ್ನೊಂದು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಬಣ್ಣ ಏರಿಸಿದ ಚಿತ್ರವನ್ನು ಗುಂಪಿಗೆ ಹಾಕಿ ಹೆಸರು ಕೇಳುವವರು ಮೂಲ ಚಿತ್ರವನ್ನೂ ಜೊತೆಗೆ ಹಾಕಬೇಕು. ಏರಿಸಿದ ಕೆಂಪಿನಲ್ಲಿ ಮರೂನ್ ಎಲ್ಲವೂ ಕಡುಗೆಂಪೇ.

ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುವುದು ಇಲ್ಲಿಯ ಎಲ್ಲರ ಗೋಳು. ಚರ್ಮದ ಚೀಲದಲ್ಲಿಟ್ಟರೆ ಅದೇ ತೇವ ಹೀರಿ ಬೂಷ್ಟಿಗೆ ನೆಲೆ ಕೊಡುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ತುಂಬಿತೆಂದು ಅರ್ಥ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ವಿಷಕಾರಿ, ಅದಕ್ಕೇ ಬಾಣಲೆ ಬೇರೆ ಇರಲಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೂಷ್ಟು ಬಾರದು ನಿಜ, ಆದರೆ ಹೊಗೆಯ ಜಿಡ್ಡು ಬರುತ್ತದೆ. ಲೆನ್ಸಿನ ಮೇಲಿನ ಲೇಪಕ್ಕೆ ಅದೂ ಒಳ್ಳೆಯದಲ್ಲ.

ದನಿಯಿಂದ ಜಾತಿ ಬೇರೆ ಮಾಡುವುದು ಕಿವಿ ಪಳಗಿದ ಮೇಲಿನ ಮಾತು. ಮೊಬೈಲ್ ಆ್ಯಪ್ ದನಿ ಕೇಳಿ ಹೆಸರು ತೋರಿಸಿದರೆ ಅದನ್ನು ಸೂಚನೆ ಎಂದು ತಿಳಿದು ಹಕ್ಕಿಯನ್ನು ಹುಡುಕಿ, ನಿರ್ಣಯ ಎಂದು ತಿಳಿದು ಪಟ್ಟಿಗೆ ಸೇರಿಸಬೇಡಿ. ಅದೇ ಆ್ಯಪಿನಿಂದ ದನಿ ನುಡಿಸಿ ಹಕ್ಕಿಯನ್ನು ಕರೆಯುವುದಂತೂ ಮರಿ ಮಾಡುವ ಕಾಲದಲ್ಲಿ ಮಾಡಬಾರದ ಕೆಲಸ. ಕಾರಿನ ಕನ್ನಡಿಯಲ್ಲಿ ತನ್ನ ಬಿಂಬ ಕಂಡರೇ ಗಂಟೆಗಟ್ಟಲೆ ಕುಕ್ಕಿ ಸುಸ್ತಾಗುವ ಜಾತಿ ಇದು. ಇಲ್ಲದ ಎದುರಾಳಿಯ ದನಿ ಕೇಳಿಸಿದರೆ ಗೂಡು ಬಿಟ್ಟು ಅದರ ಬೆನ್ನು ಹತ್ತುತ್ತದೆ.

ಗೂಡು ಕೂಡ ಸುಳಿವು ಕೊಡುತ್ತದೆ. ಅಂಗಳದ ದಾಸವಾಳದ ಟೊಂಗೆಗೆ, ಬಟ್ಟೆ ಒಣಹಾಕುವ ತಂತಿಗೆ, ಜಗುಲಿಯ ವೈರಿಗೆ ಜೋತುಬಿದ್ದ, ತೊಗಟೆ ಚೂರು, ಒಣಎಲೆ, ಹುಳದ ಹಿಕ್ಕೆ ಎಲ್ಲವನ್ನೂ ಜೇಡರಬಲೆಯಿಂದ ಅಂಟಿಸಿದ ಕಸದ ಗಂಟಿನಂಥ ಚೀಲ ಬಹುಮಟ್ಟಿಗೆ ನೇರಳೆ ಸೊಂಟದ್ದೋ ಕಪ್ಪು ಸೂರಕ್ಕಿಯದೋ. ಪಕ್ಕದಲ್ಲಿ ಬಾಗಿಲು, ಅದರ ಮೇಲೆ ಸಣ್ಣ ಮಾಡು. ಕೆಂಬೆನ್ನಿನದು ನೆರಳಿನ ಜಾಗದಲ್ಲಿ, ಸಪೂರ ಕೊಂಬೆಯ ಇಲ್ಲವೇ ಜರಿಗಿಡದ ತುದಿಗೆ, ನಾರು ಮತ್ತು ಬಲೆಯಿಂದ ನೇಯ್ದು, ಹೊರಗೆ ಪಾಚಿ ಹೊದಿಸಿದ್ದು. ಒಳಗೆ ಎರಡು ಮೊಟ್ಟೆ. ಗೂಡಿನ ಹತ್ತಿರ ಟೊಂಗೆ ಬಗ್ಗಿಸಿ ಎಲೆ ಸರಿಸಿ ಫೋಟೊ ತೆಗೆದರೆ ನೆರಳು ಹೋಗಿ ಮರಿ ಬಿಸಿಲಿಗೆ ಬೀಳುತ್ತವೆ, ಕೆಂಬೂತಕ್ಕೂ ದಾರಿ ಕಾಣುತ್ತದೆ. ಬೈನಾಕ್ಯುಲರ್‌ನಿಂದ ದೂರದಲ್ಲೇ ನೋಡಿ ಬರೆದುಕೊಂಡರೆ ಸಾಕು.

ಬರೆದುಕೊಳ್ಳುವಾಗ ಹೆಸರಿಗಿಂತ ಮೊದಲು ಕಂಡದ್ದನ್ನು ಬರೆಯಿರಿ. ಬೆಳಕು ಯಾವ ಕಡೆಯಿಂದ, ಹೆಗಲ ಬಣ್ಣ ಕಂಡಿತೇ, ಎದೆಪಟ್ಟಿ ಅಗಲವೋ ಕಿರಿದೋ, ಪಕ್ಕೆ ಬಿಳಿಯೋ ಹಳದಿಯೋ, ಸೊಂಟ ತೆರೆದು ಕಂಡಿತೇ, ಹೂ ಯಾವುದು. ಯಾವುದು ಕಾಣಲಿಲ್ಲ ಎಂಬುದನ್ನೂ ಬರೆಯಬೇಕು. ತಿಂಗಳು ಕಳೆದು ಓದುವಾಗ ಕಾಣಲಿಲ್ಲ ಮತ್ತು ಇರಲಿಲ್ಲ ಇವೆರಡೂ ನೆನಪಿನಲ್ಲಿ ಒಂದಾಗಿಬಿಡುತ್ತವೆ. ಹೆಗಲು, ಸೊಂಟ ಎರಡೂ ಕಾಣದೆ ಹಾರಿಹೋದ ಹಕ್ಕಿಯನ್ನು ಸೂರಕ್ಕಿ ಎಂದಷ್ಟೇ ನಮೂದಿಸಿ. ಹಕ್ಕಿ ದಾಖಲಿಸುವ ಜಾಲತಾಣ ಇಬರ್ಡ್‌ನಲ್ಲೂ ಜಾತಿ ಹೇಳದೆ ಸೂರಕ್ಕಿ ಎಂದು ಸೇರಿಸಲು ಅವಕಾಶವಿದೆ. ಜುಲೈ ತಿಂಗಳ ಹೊಸನಗರದ ಪಟ್ಟಿಯಲ್ಲಿ ಅಂಥ ನಮೂದು ನಾಲ್ಕೈದಿದ್ದರೆ ಆ ಪಟ್ಟಿಯ ಉಳಿದ ಹೆಸರುಗಳ ಮೇಲೆ ನಂಬಿಕೆ ಹೆಚ್ಚುತ್ತದೆ.